ಮಿಸ್ ಕಾಲ್ ಎತ್ತಿದ ಪಾಂಡು ಮಾಸ್ತರು

ಮಂಕಿಯಿಂದ ಕಡಲಿಗೆ ಇಳಿಯುವ ಹಾದಿಯ ಬದಿಗೆ ಒಂದು ಬೋಳು ಗುಡ್ಡ. ಗುಡ್ಡದ ತಲೆಯ ಮೇಲೆ ಹೈಸ್ಕೂಲು, ಹೈಸ್ಕೂಲಿನ ತಲೆಯ ಮೇಲೆ ಹಂಚು, ಹಂಚಿನ ಮೇಲೆ ಕಾಗೆಗಳು. ಈ ಕಾಗೆಗಳನ್ನೆಲ್ಲ ಒಂದೇ ಕೂಗಿಗೆ ಭಟ್ಕಳದ ದಿಕ್ಕಿಗೆ ಅಟ್ಟಬಲ್ಲ ಗಂಟಲು ಆ ಸೀಮೆಯಲ್ಲಿ ಒಂದೇ ಇತ್ತು. ಅದು ದೈಹಿಕ ಶಿಕ್ಷಕರಾದ ಪಾಂಡು ಮಾಸ್ತರರದ್ದು. ಅವರು ಬೆಳಿಗ್ಗೆ "ಸಾವಧಾನ್!" ಅಂದರೆ ಮಕ್ಕಳಷ್ಟೇ ಅಲ್ಲ, ಗುಡ್ಡದ ಕೆಳಗೆ ಗೊಬ್ಬರಕ್ಕೆ ಒಣಗಿದ ಎಲೆಯ ದರಕು ಗುಡಿಸುವವರೂ ಒಂದು ಕ್ಷಣ ನೆಟ್ಟಗಾಗುತ್ತಿದ್ದರು.

ಮಾಸ್ತರು ಕುಮಟೆಯ ಹತ್ತಿರದ ಬಾಡದವರು. ಹುಟ್ಟುವಾಗಲೇ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದರೆಂದು ಅವರ ಹೆಂಡತಿ ರೇಖಾ ಹೇಳುವುದುಂಟು. ಮದುವೆಯ ದಿನ ಧಾರೆ ಎರೆದು ಸಪ್ತಪದಿ ತುಳಿಯುವಾಗ ಅವರು ಎಡಗಾಲು ಬಲಗಾಲು ತಾಳ ತಪ್ಪದ ಹಾಗೆ ಹೆಜ್ಜೆ ಹಾಕಿದ್ದನ್ನು ಎರಡೂ ಕಡೆಯ ನೆಂಟರು ಇವತ್ತಿಗೂ ಮರೆತಿಲ್ಲ. ಅವರಿಗೆ ಆಸ್ತಿಯ ಆಸೆ ಇರಲಿಲ್ಲ, ಬಡ್ತಿಯ ಆಸೆ ಇರಲಿಲ್ಲ. ಇದ್ದದ್ದು ಒಂದೇ ಆಸೆ, ತಾಲೂಕು ಮಟ್ಟದ ಹುಡುಗಿಯರ ಖೋ ಖೋ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಢಾಲು.

ಶಾಲೆಯ ಆಫೀಸಿನಲ್ಲಿ ಒಂದು ಗಾಜಿನ ಕಪಾಟು. ಅದರೊಳಗೆ ದೇಶಭಕ್ತಿ ಗೀತೆಗೆ ಬಂದ ಕಪ್ಪು, ರಂಗೋಲಿಗೆ ಬಂದ ಕಪ್ಪು, ಮಣ್ಣಿನ ಆನೆ ಮಾಡಿದ್ದಕ್ಕೆ ಬಂದ ಕಪ್ಪು. ಓಡಿ ಬೆವರಿ ತಂದದ್ದು ಒಂದೂ ಇಲ್ಲ. ಮಾಸ್ತರು ಆ ಕಪಾಟಿನ ಮುಂದೆ ಹಾದು ಹೋಗುವಾಗೆಲ್ಲ ಸಾಲ ಕೊಟ್ಟವನ ಮನೆಯ ಮುಂದೆ ಹಾಯುವವರ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ಹುಡುಗಿಯರ ತಂಡ ಕಟ್ಟಿಕೊಂಡು ಹೊನ್ನಾವರಕ್ಕೆ ಹೋಗುವುದು, ಪ್ರತಿ ಸಲ ಒಂದು ಪ್ಲಾಸ್ಟಿಕ್ ಬಕೆಟ್ ಸಮಾಧಾನಕರ ಬಹುಮಾನವಾಗಿ ಹಿಡಿದುಕೊಂಡು ಬರುವುದು. ಮನೆಯಲ್ಲಿ ಬಕೆಟ್ಟಿಗೆ ಕೊರತೆ ಇರಲಿಲ್ಲ.

ಎರಡು ಸಾವಿರದ ಆರನೇ ಇಸವಿಯಲ್ಲಿ ಅವರ ದೆಸೆ ತಿರುಗುವ ಲಕ್ಷಣ ಕಂಡಿತು. ಹತ್ತನೇ ತರಗತಿಯ ಸುಶ್ಮಿತಾ ತಂಡದ ನಾಯಕಿಯಾದಳು. ಅವಳು ಗುಡ್ಡದ ಬುಡದ ಮೀನುಗಾರರ ಕೇರಿಯವಳು. ಮರಳಿನ ಮೇಲೆ ಓಡಿ ಬೆಳೆದ ಕಾಲು. ಗಟ್ಟಿ ನೆಲ ಸಿಕ್ಕಿದರೆ ಆ ಕಾಲಿಗೆ ಹಬ್ಬ. ಎದುರಾಳಿ ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಯೋಚಿಸುವಷ್ಟರಲ್ಲಿ ಸುಶ್ಮಿತಾ ಅವಳ ಬೆನ್ನು ಮುಟ್ಟಿ, ಕೂದಲ ರಿಬ್ಬನ್ನು ಸರಿ ಮಾಡಿಕೊಂಡು ನಿಂತಿರುತ್ತಿದ್ದಳು. ಅವಳ ಓಟ ನೋಡಿದ ರಾತ್ರಿ ಮಾಸ್ತರು ಊಟ ಮರೆತರು.

"ಆ ಢಾಲು ಸಿಕ್ಕಿದ್ರೆ ಅದ್ರಲ್ಲೇ ಅನ್ನ ಬಡಿಸ್ತೆ, ಆತಾ? ಈಗ ಉಣ್ಣಿ" ಅಂದಳು ರೇಖಾ.

ಇಂಥ ಹೊತ್ತಿಗೆ ಸರಿಯಾಗಿ ಮೊಬೈಲ್ ಫೋನು ಶಾಲೆಗೆ ಬಂತು.

ಹೆಡ್ಮಾಸ್ತರು ಅನಂತಮೂರ್ತಿಯವರು ಕತಗಾಲದವರು, ಗಣಿತದವರು, ಮೆತ್ತಗೆ ಮಾತಾಡುವವರು. ಅವರು ಬೋರ್ಡಿನ ಮೇಲೆ ತ್ರಿಕೋನದ ಮೂರನೇ ಬಾಹುವನ್ನು ಎಳೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಸಿನಿಮಾ ಹಾಡು ಜೋರಾಗಿ ಕೇಳಿ ಬಂತು. ಬಾಹು ವಾರೆಯಾಯಿತು. ಮರುದಿನವೇ ಶಿಕ್ಷಕರ ಸಭೆ ಕರೆದರು. ವಿಜ್ಞಾನದ ಮೋಹನ ಮಾಸ್ತರು, "ಮಳೆಗಾಲದಲ್ಲಿ ಬಸ್ಸು ತಪ್ಪಿದರೆ ಮನೆಗೆ ತಿಳಿಸುವುದಕ್ಕಾದರೂ ಬೇಕಲ್ಲ ಸರ್" ಅಂದರು. "ನಾವು ಬಸ್ಸು ತಪ್ಪಿಸಿಕೊಂಡು ದೊಡ್ಡವರಾಗಲಿಲ್ಲವೇ?" ಅಂದರು ಹೆಡ್ಮಾಸ್ತರು. ಚರ್ಚೆ ಚಹಾ ಬರುವವರೆಗೆ ನಡೆಯಿತು, ಚಹಾ ಮುಗಿಯುವಾಗ ನಿಷೇಧ ಜಾರಿಯಾಯಿತು. ಜಾರಿಗೊಳಿಸುವ ಭಾರ ಶಾಲೆಯಲ್ಲಿ ಅತಿ ಬೇಗ ಓಡಬಲ್ಲ ಶಿಕ್ಷಕರ ಮೇಲೆ ಬಿತ್ತು.

ಪಾಂಡು ಮಾಸ್ತರು ಸೇನಾಧಿಪತಿಯ ಪಟ್ಟ ಕಟ್ಟಿಸಿಕೊಂಡವರ ಹಾಗೆ ಸೀಟಿಯನ್ನು ಕೊರಳಿಗೆ ಹಾಕಿಕೊಂಡರು. ಮುಂದಿನ ದಿನಗಳಲ್ಲಿ ಅವರು ನಡೆಸಿದ ದಂಡಯಾತ್ರೆಯನ್ನು ಬಣ್ಣಿಸಲು ಭಾಗವತರ ತಂಡವೇ ಬೇಕು. ಬುತ್ತಿಯ ಡಬ್ಬಿಯಲ್ಲಿ ಅನ್ನದ ಕೆಳಗೆ ಹೂತಿಟ್ಟ ಫೋನನ್ನು ಅವರು ವಾಸನೆಯಿಂದಲೇ ಪತ್ತೆ ಹಚ್ಚಿದರು. ಕಾಲುಚೀಲದಿಂದ ಒಂದನ್ನು, ಮಡಚಿದ ಕೊಡೆಯೊಳಗಿಂದ ಇನ್ನೊಂದನ್ನು ಸೆರೆ ಹಿಡಿದರು. ಸೆರೆಯಾಳುಗಳನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ, ಟಿಂಕ್ಚರ್ ಬಾಟಲಿಯ ಪಕ್ಕ ಮಲಗಿಸಿ ಬೀಗ ಹಾಕಿದರು. ಮನೆಯವರು ಬಂದು ಬೇಡಿಕೊಂಡರೆ ಸಂಜೆ ಬಿಡುಗಡೆ.

ಒಂದು ದಿನ ಹತ್ತನೇ ತರಗತಿಯಲ್ಲಿ ಸುಶ್ಮಿತಾಳ ಕಂಪಾಸ್ ಪೆಟ್ಟಿಗೆ ಡೆಸ್ಕಿನ ಮೇಲೆ ತನ್ನಷ್ಟಕ್ಕೆ ತೆವಳತೊಡಗಿತು. ಗುರ್ರ್ ಗುರ್ರ್ ಅನ್ನುತ್ತ ಅಂಚಿನವರೆಗೆ ಹೋಗಿ, ಹೆಡ್ಮಾಸ್ತರರ ಕಾಲ ಬುಡದಲ್ಲೇ ಬಿತ್ತು. ಕೋನಮಾಪಕ, ಕೈವಾರ, ಒಂದು ಗೀರುಬಿದ್ದ ಫೋನು ನೆಲದ ಮೇಲೆ ಹರಡಿಕೊಂಡವು.

ಪಾಂಡು ಮಾಸ್ತರರಿಗೆ ಕರೆ ಹೋಯಿತು. ತಮ್ಮ ನಾಯಕಿಯ ಫೋನನ್ನು ತಾವೇ ಹಿಡಿಯಬೇಕಾದ ಗಳಿಗೆ. ಅವರು ಹಿಡಿದರು.

"ಸರ್, ಒಂದು ಮಾತು..." ಅಂದಳು ಸುಶ್ಮಿತಾ.

"ಯುದ್ಧಭೂಮಿಯಲ್ಲಿ ಮಾತಿಲ್ಲ" ಅಂದರು ಮಾಸ್ತರು.

ಆಫೀಸಿಗೆ ತಂದು ಪೆಟ್ಟಿಗೆಯ ಬೀಗ ತೆಗೆಯುವಷ್ಟರಲ್ಲಿ ಫೋನು ಅಂಗೈಯಲ್ಲಿ ಮತ್ತೆ ನಡುಗಿತು. ಯಾರೋ ಕರೆಯುತ್ತಿದ್ದಾರೆ. ಕರೆದವರಿಗೆ ಉತ್ತರ ಕೊಡದೆ ಇರುವುದು ಮರ್ಯಾದೆಯಲ್ಲ. ಮಾಸ್ತರು ಗುಂಡಿ ಒತ್ತಿ ಕಿವಿಗೆ ಹಿಡಿದರು.

"ಹಲೋ! ಯಾರು ಮಾತಾಡುದು?"

ಆ ಕಡೆಯಿಂದ ಗಾಳಿ, ಇಂಜಿನ್ನಿನ ಸದ್ದು, ನಂತರ ಬೆಚ್ಚಿಬಿದ್ದ ಒಂದು ಗಂಡು ಧ್ವನಿ. "ಏ! ಎತ್ತಿದ್ ಯಾರಾ?"

"ನಾನು ಪಾಂಡು ಮಾಸ್ತರು. ದೈಹಿಕ ಶಿಕ್ಷಕ."

"ಮಾಸ್ತರ್ರೆ, ನೀವ್ ಎಂತಕೆ ಎತ್ತಿದ್ರಿ? ಎತ್ತುಕಲ್ಲ ಇದ್ ಮಾಡುದು!"

"ಎತ್ತುಕಲ್ದೆ ಮತ್ತೆಂತಕೆ ಫೋನು ಮಾಡ್ತಾರೆ ಮಾರಾಯ?"

"ಅಯ್ಯೋ, ಇಡಿ, ಇಡಿ! ತಾಂಡೇಲರ ದುಡ್ಡು ಹೋತೇ ಇದೆ!"

ಫೋನು ಸತ್ತಿತು. ತುಸು ಹೊತ್ತಿಗೆ ಮತ್ತೆ ನಡುಗಿತು. ಶಾಲೆಯ ನಿಯಮವನ್ನು ಪೂರ್ತಿ ತಿಳಿಸಿಬಿಡೋಣ ಎಂದು ಮಾಸ್ತರು ಮತ್ತೆ ಎತ್ತಿದರು. ಈ ಸಲ ಆ ಕಡೆಯಿಂದ ಬಂದ ಮಾತು ಶಾಲೆಯ ಆವರಣದಲ್ಲಿ ಬರೆಯತಕ್ಕದ್ದಲ್ಲ.

ಇದೆಲ್ಲದರ ಅರ್ಥ ಮರುದಿನ ಬೆಳಿಗ್ಗೆ ಬುಟ್ಟಿ ಸಮೇತ ಗುಡ್ಡ ಹತ್ತಿ ಬಂತು. ಸುಶ್ಮಿತಾಳ ತಾಯಿ ಕಮಲಿ ಆಫೀಸಿನ ಬಾಗಿಲಲ್ಲಿ ಖಾಲಿ ಮೀನುಬುಟ್ಟಿ ಕುಕ್ಕಿ ನಿಂತಳು.

"ನಿನ್ನೆ ಫೋನ್ ಎತ್ತಿದ್ದ್ ಯಾರು?"

"ನಾನೇ ಕಮಲಕ್ಕ."

"ನಿಮ್ಗೆ ಮನೆಯಲ್ಲಿ ಮಾತಾಡುಕೆ ಯಾರೂ ಸಿಗುದಿಲ್ವಾ?"

ಆಮೇಲೆ ಅವಳು ವಿಷಯ ಬಿಡಿಸಿ ಹೇಳಿದಳು. ಅವಳ ಗಂಡ ಶನಿಯಾರ ಬೋಟಿನಲ್ಲಿ ದುಡಿಯುವವನು. ಮೀನು ಸಿಕ್ಕಿದ ಜಾಗ ನೋಡಿಕೊಂಡು ಬೋಟು ಒಂದು ದಿನ ಬಡಗಣ ಹೊನ್ನಾವರದ ಬಂದರಿಗೆ ಹೋಗುತ್ತದೆ, ಒಂದು ದಿನ ತೆಂಕಣ ಭಟ್ಕಳಕ್ಕೆ. ಕಮಲಿ ಅಲ್ಲಿಗೇ ಬಸ್ಸಿನಲ್ಲಿ ಹೋಗಿ ಮೀನು ಬುಟ್ಟಿಗೆ ತುಂಬಿಕೊಂಡು ಊರೂರು ಮಾರಬೇಕು. ಬೋಟು ದಡದ ಹತ್ತಿರ ಬಂದಾಗ ಶನಿಯಾರ ಬೋಟು ನಡೆಸುವ ತಾಂಡೇಲನ ಫೋನಿನಿಂದ ಮಿಸ್ ಕಾಲ್ ಕೊಡುತ್ತಾನೆ. ಒಂದು ಕೊಟ್ಟರೆ ಹೊನ್ನಾವರ, ಎರಡು ಕೊಟ್ಟರೆ ಭಟ್ಕಳ, ಮೂರು ಕೊಟ್ಟರೆ ಮೀನಿಲ್ಲ, ಮನೆಯಲ್ಲೇ ಇರು. ಯಾರೂ ಎತ್ತುವುದಿಲ್ಲ, ಯಾರಿಗೂ ಖರ್ಚಿಲ್ಲ. ಆದರೆ ಗುಡ್ಡದ ಮರೆಯಲ್ಲಿರುವ ಅವರ ಕೇರಿಯಲ್ಲಿ ರೇಂಜು ಸಿಗುವುದಿಲ್ಲ. ಸಿಗುವುದು ಶಾಲೆಯ ಗುಡ್ಡದ ಮೇಲೆ ಮಾತ್ರ. ಹಾಸಿಗೆ ಹಿಡಿದ ಅತ್ತೆಯನ್ನು ವ್ಯಾಪಾರದ ಹೊತ್ತಿಗೆ ನೆರೆಮನೆಯವಳು ನೋಡಿಕೊಳ್ಳುತ್ತಾಳೆ, ಉಳಿದ ಹೊತ್ತೂ ಬಿಟ್ಟು ಕಮಲಿ ಗುಡ್ಡದ ಮೇಲೆ ಕಾದು ಕೂರುವ ಹಾಗಿಲ್ಲ. ಅದಕ್ಕೇ ಫೋನು ಮಗಳ ಹತ್ತಿರ. ಮಗಳು ಬಿಡುವಿನಲ್ಲಿ ಕಂಪೌಂಡಿನ ಅಂಚಿಗೆ ಹೋಗಿ ಕಡಲಿಗೆ ಮುಖ ಮಾಡಿ ನಿಂತು ಬಲಗೈ ಚಾಚಿದರೆ ಹೊನ್ನಾವರ, ಎಡಗೈ ಚಾಚಿದರೆ ಭಟ್ಕಳ, ಎರಡೂ ಕೈ ತಲೆಯ ಮೇಲಿಟ್ಟರೆ ಒಲೆಯ ಮೇಲೆ ಗಂಜಿ ಮಾತ್ರ.

"ನಿನ್ನೆ ನಾ ಅಂಗಳದಲ್ಲಿ ನಿಂತು ಗುಡ್ಡ ನೋಡಿದೆ, ನೋಡಿದೆ, ಕುತ್ತಿಗೆ ನೋವು ಬಂತು. ಕಡೆಗೆ ಹೊನ್ನಾವರ ಬಸ್ಸು ಹತ್ತಿದೆ. ಬೋಟು ಭಟ್ಕಳಕ್ಕೆ ಹೋಗಿತ್ತು."

ಪಾಂಡು ಮಾಸ್ತರು ತಲೆ ತಗ್ಗಿಸಿದರು. ಹೆಡ್ಮಾಸ್ತರರಿಗೂ ಮರುಕ ಬಂತು, ಆದರೆ ನಿಯಮ ಮಾಡಿ ಇನ್ನೂ ಅದರ ಶಾಯಿ ಒಣಗಿರಲಿಲ್ಲ. "ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಅಪ್ಪ ಬೋಟಿನಲ್ಲಿದ್ದಾನೆ ಅಂತಾರೆ ಕಮಲಮ್ಮ. ಅಂಗಡಿಯವನ ಮಗನೂ ಅಂತಾನೆ. ಶಾಲೆಯೊಳಗೆ ಫೋನು ಸಾಧ್ಯ ಇಲ್ಲ."

"ಒಳಗೆ ಇಲ್ಲ. ಹೊರಗೆ?"

"ಹೊರಗೆ ನಿಮ್ಮಿಷ್ಟ."

"ಆತು" ಅಂದಳು ಕಮಲಿ. ಫೋನು ತೆಗೆದುಕೊಂಡಳು, ಬುಟ್ಟಿ ಎತ್ತಿಕೊಂಡಳು, ಮಗಳನ್ನೂ ಕರೆದುಕೊಂಡು ಹೋದಳು.

ಮಾರನೇ ದಿನದಿಂದ ಶಾಲೆಯ ಕಂಪೌಂಡಿನ ಹೊರಗೆ, ಗೇರುಮರದ ಬುಡದಲ್ಲಿ ಸುಶ್ಮಿತಾ ಕೂತಿರುವುದು ಕಾಣಿಸಿತು. ಮಡಿಲಲ್ಲಿ ಫೋನು. ನಿಷೇಧ ಸಂಪೂರ್ಣ ಯಶಸ್ವಿಯಾಗಿತ್ತು. ಫೋನೂ ಹೊರಗೆ, ಹುಡುಗಿಯೂ ಹೊರಗೆ.

ಗೇರುಮರಕ್ಕೂ ಖೋ ಖೋ ಅಂಕಣಕ್ಕೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಕಲ್ಲಿನ ಗೋಡೆ. ಈಚೆ ಮಾಸ್ತರು ಹೊಸ ನಾಯಕಿ ಪ್ರಣಿತಾಳಿಗೆ ತರಬೇತಿ ಕೊಡುತ್ತಿದ್ದರು. ಪ್ರಣಿತಾ ಬಹಳ ಸಂಸ್ಕಾರವಂತೆ. ಎದುರಾಳಿಯನ್ನು ಮುಟ್ಟಿದರೆ "ಸಾರಿ ಕಣೇ, ನೋವಾತಾ?" ಎಂದು ನಿಂತು ವಿಚಾರಿಸುತ್ತಿದ್ದಳು. ಕೂತವಳಿಗೆ ಖೋ ಕೊಡುವಾಗ ಬಾಗಿಲು ತಟ್ಟುವಷ್ಟು ಮೆತ್ತಗೆ ಬೆನ್ನು ತಟ್ಟುತ್ತಿದ್ದಳು. ಗೋಡೆಯಾಚೆಯಿಂದ ಸುಶ್ಮಿತಾ ತಡೆಯಲಾರದೆ ಕೂಗುವಳು: "ಎಡಕ್ಕೆ ಬಾರೆ! ಕಂಬದ ಹತ್ರ ಸುತ್ತೆ!" ಮಾಸ್ತರರ ಕಣ್ಣ ಮುಂದೆ ಢಾಲು ಬಕೆಟ್ಟಾಗಿ ಕರಗುತ್ತಿತ್ತು. ಪಂದ್ಯಕ್ಕೆ ಇನ್ನು ಕೆಲವೇ ವಾರ. ಹಾಜರಿ ಇಲ್ಲದ ಹುಡುಗಿಯನ್ನು ಆಡಿಸುವ ಹಾಗಿಲ್ಲ.

ಒಂದು ಬೆಳಿಗ್ಗೆ ಅವರು ಗೋಡೆಗೆ ಮೊಣಕೈ ಊರಿ ನಿಂತರು.

"ಸುಶ್ಮಿತಾ, ಆ ಫೋನು ನನ್ನ ಕೈಯಲ್ಲಿ ಕೊಡು. ನೀನು ಒಳಗೆ ಬಾ."

"ಮತ್ತೆ ಪೆಟ್ಟಿಗೆಗೆ ಹಾಕ್ತ್ರಾ ಸರ್?"

"ಇಲ್ಲ. ಚಡ್ಡಿ ಕಿಸೆಗೆ ಹಾಕ್ತೆ. ಕೈ ನಾನೇ ಚಾಚ್ತೆ."

ಸುಶ್ಮಿತಾ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಎತ್ತುದಿಲ್ಲ ಅಲ್ದಾ ಸರ್?"

"ಪ್ರಾಣ ಹೋದರೂ ಎತ್ತುವುದಿಲ್ಲ."

ಹೀಗೆ ನಿಷೇಧದ ಸೇನಾಧಿಪತಿಯೇ ಶಾಲೆಯೊಳಗೆ ಕಳ್ಳ ಫೋನು ಹೊತ್ತು ತಿರುಗುವ ಕಾಲ ಬಂತು. ಅವರ ನಡಿಗೆಯೇ ಬದಲಾಯಿತು. ಒಂದು ಕೈ ಸದಾ ಕಿಸೆಯ ಮೇಲೆ. ಹೆಡ್ಮಾಸ್ತರು ಎದುರಾದರೆ ಹೊಟ್ಟೆನೋವಿನವರ ಹಾಗೆ ಪಕ್ಕಕ್ಕೆ ಸರಿಯುವರು. ಸುಶ್ಮಿತಾ ತರಗತಿಗೆ ಮರಳಿದ್ದಕ್ಕೆ ಹೆಡ್ಮಾಸ್ತರು ಸಂತೋಷಪಟ್ಟರು. "ನೋಡಿದಿರಾ ಪಾಂಡು ಮಾಸ್ತರೆ, ನಿಯಮ ಗಟ್ಟಿ ಇದ್ದರೆ ಜನ ದಾರಿಗೆ ಬರ್ತಾರೆ" ಅಂದರು. ಮಾಸ್ತರು ಕಿಸೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು ಹೌದು ಅಂದರು.

ಮೊದಲ ದಿನವೇ ಕರೆ ಬಂತು. ತೊಡೆಯ ಮೇಲೆ ಜೀರುಂಡೆ ಹರಿದ ಹಾಗೆ ಗುರ್ರ್ ಎಂದು ನಿಂತಿತು. ಮಾಸ್ತರು ಉಸಿರು ಹಿಡಿದು ಕಾದರು. ಎರಡನೆಯದು ಬರಲಿಲ್ಲ. ಒಂದೇ, ಅಂದರೆ ಹೊನ್ನಾವರ. ಬಲಗೈ.

ಕಂಪೌಂಡಿನ ಅಂಚಿಗೆ ಹೋಗಿ ಕಡಲಿಗೆ ಮುಖ ಮಾಡಿ ನಿಂತರು. ಕೆಳಗೆ ಅಂಗಳದಲ್ಲಿ ಕಮಲಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ಹೊನ್ನಾವರ ಯಾವ ಕಡೆ ಎಂದು ಯೋಚಿಸಿದ್ದರೆ ಮಾಸ್ತರು ತಪ್ಪುತ್ತಿರಲಿಲ್ಲ. ಆದರೆ ಅವರು ಯೋಚಿಸಿದ್ದು ಬಲಗೈ ಎಂದು. ಜೀವಮಾನವೆಲ್ಲ ಅವರು ಮಕ್ಕಳಿಗೆ ಎದುರಾಗಿ ನಿಂತು ಕವಾಯತು ಕಲಿಸಿದವರು. ಎದುರು ನಿಂತ ಮಕ್ಕಳು ನೋಡಿ ಮಾಡಬೇಕಲ್ಲ, ಅದಕ್ಕಾಗಿ ಬಾಯಲ್ಲಿ "ಬಲಗೈ!" ಅಂದು ತಾವು ಎಡಗೈ ಎತ್ತುವುದು ಅವರ ವಿದ್ಯೆ. ಆ ವಿದ್ಯೆ ಎಲುಬಿನೊಳಗೆ ಇಳಿದುಹೋಗಿತ್ತು. ಮನಸ್ಸಿನಲ್ಲೇ "ಬಲಗೈ ಚಾಚ್!" ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಂಡರು. ಎಡಗೈ ಕಡ್ಡಿಯ ಹಾಗೆ ನೆಟ್ಟಗೆ, ಬೆರಳು ಕೂಡಿಸಿಕೊಂಡು, ಭಟ್ಕಳದ ಕಡೆ ಚಾಚಿತು. ಅಷ್ಟು ಚಂದದ ಕೈಯನ್ನು ಕಮಲಿ ಹಿಂದೆಂದೂ ನೋಡಿರಲಿಲ್ಲ. ನಂಬಿ ಭಟ್ಕಳದ ಬಸ್ಸು ಹತ್ತಿದಳು.

ಮಾಸ್ತರು ಆ ಸಂಜೆ ಇಡೀ ಬೀಗುತ್ತ ಕಳೆದರು. ರೇಖಾಳಿಗೆ, "ಇವತ್ತು ಒಂದು ಸಂಸಾರಕ್ಕೆ ದಾರಿ ತೋರಿಸಿದೆ" ಅಂದರು.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಕಮಲಿ ಗೇಟಿನಲ್ಲಿ ಹಾಜರಾದಳು. ಈ ಸಲ ಆಫೀಸಿನವರೆಗೂ ಹೋಗಲಿಲ್ಲ, ಶಾಲೆಯ ಅಷ್ಟೂ ಮಕ್ಕಳ ಎದುರಿಗೇ ಶುರು ಮಾಡಿದಳು.

"ಮಾಸ್ತರ್ರೆ, ನಿಮ್ ಬಲಗೈ ಯಾವುದು? ತೋರ್ಸಿ ಕಾಂಬ!"

ಪಾಂಡು ಮಾಸ್ತರು ಸಾಲುಗಟ್ಟಿ ನಿಂತ ಮಕ್ಕಳ ಎದುರು ನಿಂತಿದ್ದರು. ಗಾಬರಿಯಲ್ಲಿ ಎಡಗೈ ಎತ್ತಿದರು. ಮಕ್ಕಳೆಲ್ಲ ಆಜ್ಞೆ ಎಂದುಕೊಂಡು ಬಲಗೈ ಎತ್ತಿದರು.

"ಕಂಡ್ರಾ! ಮಕ್ಕಳಿಗೆ ಗೊತ್ತಿದೆ, ನಿಮ್ಗೆ ಇಲ್ಲ! ಇವ್ರನ್ನ ನಂಬಿ ನಾ ಭಟ್ಕಳದಲ್ಲಿ ನೊಣ ಹೊಡೀತಾ ಕೂತಿದ್ದೆ!"

ಹೆಡ್ಮಾಸ್ತರು ಮೆಟ್ಟಿಲಿಳಿದು ಬಂದರು. ಕಮಲಿ ಯಾಕೆ ಮಾಸ್ತರರ ಕೈಯನ್ನು ನಂಬಬೇಕಾಯಿತು ಎಂದು ಕೇಳಿದರು. ಉತ್ತರವಾಗಿ ಮಾಸ್ತರರ ಕಿಸೆ ಗುರ್ರ್ ಅಂದಿತು. ಅವತ್ತು ಬೋಟು ಬೇಗ ಬಂದಿತ್ತು.

ಮೂವರೂ ಆಫೀಸಿನೊಳಗೆ ಹೋದರು, ಸುಶ್ಮಿತಾಳನ್ನೂ ಕರೆದರು. ಫೋನು ಮೇಜಿನ ಮೇಲೆ ಬಂದು ಕೂತಿತು. ಅನಂತಮೂರ್ತಿಯವರಿಗೆ ಸಿಟ್ಟು ಬಂದರೆ ಶಾಲೆಯ ಭಾಷೆ ಬಿಟ್ಟು ಮನೆಯ ಭಾಷೆ ಬರುತ್ತಿತ್ತು.

"ಎಂತ ಮಾಡಿದ್ಯೋ ಮಾರಾಯ ಇದು! ಶಾಲೆ ಕಾಯಲೆ ಇಟ್ಟವನೇ ಹಿಂಗೆ ಮಾಡಿದ್ರೆ ಯಾರ ಹತ್ರ ಹೇಳ್ಲಿ?"

ಪಾಂಡು ಮಾಸ್ತರರ ಜಗತ್ಪ್ರಸಿದ್ಧ ಗಂಟಲಿನಿಂದ ಅವತ್ತು ಕೇಳಿ ಬಂದದ್ದು ಪಿಸುಮಾತು. "ಸರ್, ಹುಡುಗಿ ಗೋಡೆಯಾಚೆ ಕೂತಿದ್ಲು. ಈಚೆ ಬರಲಿ ಅಂತ ಮಾಡಿದೆ. ಢಾಲಿನ ಆಸೆಯೂ ಇತ್ತು, ಸುಳ್ಳು ಹೇಳುದಿಲ್ಲ. ನಿಷೇಧ ಬೇಕು ಸರ್. ಹಾಡು ಹಾಕಿಕೊಂಡು ಕೂತವರನ್ನ ನಾಳೆಯೂ ಹಿಡೀತೆ. ಆದ್ರೆ ಇವ್ಳ ಫೋನು ಹಾಡುದಿಲ್ಲ, ಮಾತಾಡುದೂ ಇಲ್ಲ. ಬರೇ ನಡುಗ್ತದೆ."

ಬಿಡಿಸಲಾಗದ ಲೆಕ್ಕ ಎದುರಿಗೆ ಬಂದಾಗ ಗಲ್ಲ ತುರಿಸಿಕೊಳ್ಳುವುದು ಹೆಡ್ಮಾಸ್ತರರ ಅಭ್ಯಾಸ. ತುರಿಸಿಕೊಂಡರು. ಕೊನೆಗೆ ಶಾಲೆಯ ಭಾಷೆಗೆ ಮರಳಿದರು.

"ನಿಯಮದಲ್ಲಿ ಇರುವುದು ವಿದ್ಯಾರ್ಥಿಗಳು ಫೋನು ತರಬಾರದು ಎಂದು. ಪಾಂಡು ಮಾಸ್ತರು ವಿದ್ಯಾರ್ಥಿಯೇ?"

"ಅಲ್ಲ ಸರ್" ಅಂದಳು ಸುಶ್ಮಿತಾ.

"ಹಾಗಾದರೆ ಅವರ ಚಡ್ಡಿ ಕಿಸೆ ನಿಯಮದ ಹೊರಗೆ. ಬೆಳಿಗ್ಗೆ ಗೇಟಿನಲ್ಲಿ ಅವರ ಕೈಗೆ ಕೊಡು, ಸಂಜೆ ಗೇಟಿನಲ್ಲಿ ತಕೊ. ಆತಾ ಕಮಲಮ್ಮ?"

"ಕಿಸೆ ಆತು. ಕೈ ಆಗುದಿಲ್ಲ" ಅಂದಳು ಕಮಲಿ. "ಆ ಕೈ ನಾ ಇನ್ನು ನಂಬುದಿಲ್ಲ."

ದಾರಿ ಹೇಳಿದ್ದು ಸುಶ್ಮಿತಾ. "ಸರ್ ಬಾಯಲ್ಲಿ ಹೇಳ್ಲಿ. ಕೈ ನಾವು ಚಾಚ್ತೇವೆ."

ಹೀಗೆ ಆ ಗುಡ್ಡದ ಮೇಲೆ ಮಧ್ಯಾಹ್ನದ ಕವಾಯತು ಹುಟ್ಟಿತು. ಬಿಡುವಿನಲ್ಲಿ ಸೀಟಿ ಊದಿದೊಡನೆ ಅಷ್ಟೂ ಮಕ್ಕಳು ಕಡಲಿಗೆ ಮುಖ ಮಾಡಿ ಸಾಲಾಗಿ ನಿಲ್ಲುವರು. "ಬಲಗೈ ಚಾಚ್!" ಎಂದು ಮಾಸ್ತರು ಗುಡುಗಿದರೆ ನೂರಾರು ಕೈಗಳು ಒಮ್ಮೆಲೇ ಹೊನ್ನಾವರದ ದಿಕ್ಕಿಗೆ ಏಳುವವು. ಆ ದೃಶ್ಯವನ್ನು ಕಂಡು ಕಮಲಿಯೊಬ್ಬಳೇ ಅಲ್ಲ, ಕೇರಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಸ್ಸಿಗೆ ಓಡತೊಡಗಿದರು. ಮೀನಿಲ್ಲದ ದಿನ ಇಡೀ ಶಾಲೆ ತಲೆಯ ಮೇಲೆ ಕೈ ಹೊತ್ತು ನಿಲ್ಲುತ್ತಿತ್ತು. ದೂರದ ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರು ಇದೆಂಥ ಕಠಿಣ ಶಾಲೆ, ಎಲ್ಲರಿಗೂ ಶಿಕ್ಷೆ ಎಂದು ಹುಬ್ಬೇರಿಸುತ್ತಿದ್ದರು. ಬೇರೆ ಫೋನುಗಳ ಮೇಲಿನ ದಂಡಯಾತ್ರೆ ಎಂದಿನಂತೆ ನಡೆಯಿತು. ಟಿಂಕ್ಚರ್ ಬಾಟಲಿ ಒಂಟಿಯಾಗಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಹೊನ್ನಾವರದಲ್ಲಿ ಪಂದ್ಯ. ತಂಡ ಹೊರಡುವ ಬೆಳಿಗ್ಗೆ ಕಮಲಿ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಅತ್ತೆಯ ಹತ್ತಿರ ನೆರೆಮನೆಯವಳನ್ನು ಕೂರಿಸಿ ಬಂದಿದ್ದಳು.

"ನಾನೂ ಬತ್ತೆ. ಹೊನ್ನಾವರದಲ್ಲಿ ರೇಂಜು ಇದ್ಯಲ್ಲ. ಫೋನು ನನ್ ಕೈಯಲ್ಲೇ ಇರ್ಲಿ. ಆಟ ಅಂದ್ರೆ ಎಂತ ಅಂತ ಕಾಂಬ."

ಅಂತಿಮ ಪಂದ್ಯದವರೆಗೆ ಸುಶ್ಮಿತಾ ತಂಡವನ್ನು ಎಳೆದುಕೊಂಡು ಬಂದಳು. ಎದುರಿಗೆ ಪ್ರತಿ ವರ್ಷ ಢಾಲು ಗೆಲ್ಲುವ ತಂಡ, ಎಲ್ಲರಿಗೂ ಒಂದೇ ಬಣ್ಣದ ಬನಿಯನ್ನು. ಕೊನೆಯ ಸರದಿ, ಎರಡೂ ಕಡೆ ಅಂಕ ಸಮ, ಅವರ ಕಡೆ ಓಡಲು ಉಳಿದವಳು ಒಬ್ಬಳೇ, ಮೀನಿಗಿಂತ ನುಣುಪು. ಸುಶ್ಮಿತಾ ಅವಳ ಬೆನ್ನು ಹತ್ತಿದ್ದಳು. ಅಷ್ಟು ಹೊತ್ತಿಗೆ ಗೆರೆಯ ಬದಿಗೆ ಕೂತ ಕಮಲಿಯ ಮಡಿಲಲ್ಲಿ ಫೋನು ನಡುಗಿತು.

ಪಾಂಡು ಮಾಸ್ತರು ಅಂಕಣ ನೋಡಿದರು, ಫೋನು ನೋಡಿದರು. "ಕಮಲಕ್ಕ, ಬಂತು! ಎಷ್ಟ್ ಸಲ ಎಣಿಸಿ!"

"ನೀವ್ ಸುಮ್ನಿರಿ ಮಾಸ್ತರ್ರೆ" ಅಂದಳು ಕಮಲಿ. ಕಣ್ಣು ಮಗಳ ಮೇಲಿಂದ ತೆಗೆಯದೆ ಫೋನನ್ನು ನೆಲದ ಮೇಲಿಟ್ಟು, ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ತಾನು ಕೂತಳು. "ಓಡೇ! ಓಡೇ ಹೆಣ್ಣೆ! ಅವ್ಳ ಜಡೆ ಹಿಡಿ!"

ಜಡೆ ಹಿಡಿಯುವುದು ನಿಯಮದಲ್ಲಿ ಇರಲಿಲ್ಲ. ಸುಶ್ಮಿತಾ ಕಂಬದ ಬಳಿ ಉದ್ದಕ್ಕೆ ಹಾರಿ ಬೆರಳ ತುದಿಯಿಂದ ಹಿಮ್ಮಡಿ ಮುಟ್ಟಿದಳು. ಸೀಟಿ ಮೊಳಗಿತು. ಪಾಂಡು ಮಾಸ್ತರು ಏನನ್ನೋ ಕೂಗಿದರು. ಹೊನ್ನಾವರದ ಕಾಗೆಗಳಿಗೆ ಆ ಗಂಟಲಿನ ಪರಿಚಯ ಇರಲಿಲ್ಲ. ಎಲ್ಲವೂ ಒಮ್ಮೆಲೇ ಶರಾವತಿಯ ಮೇಲೆ ಹಾರಿದವು.

ಗಲಾಟೆ ತಣ್ಣಗಾದ ಮೇಲೆ ಕಮಲಿ ಬುಟ್ಟಿ ಎತ್ತಿ ಫೋನು ತೆಗೆದಳು. ಗಂಡನಿಗೆ ವಿಷಯ ಹೇಳಬೇಕು ಅನಿಸಿತು. ಖರ್ಚಾದರೆ ಆಗಲಿ ಎಂದು ಮೊದಲ ಸಲ ತಾನಾಗಿ ತಾಂಡೇಲನ ನಂಬರಿಗೆ ಫೋನು ಮಾಡಿದಳು. ಅದು ಬಡಿದುಕೊಂಡಿತು, ಬಡಿದುಕೊಂಡಿತು, ನಿಂತಿತು. ಮತ್ತೆ ಮಾಡಿದಳು. ಆ ಕಡೆ ಯಾರೂ ಎತ್ತಲಿಲ್ಲ.

"ಎತ್ತುದಿಲ್ಲ ಅವ್ರು" ಅಂದಳು ಕಮಲಿ ನಗುತ್ತ. "ಈಗ ಬೋಟಿನಲ್ಲಿ ಎಲ್ಲ ಕೂತು, ಕಮಲಿ ಎರಡು ಸಲ ಕೊಟ್ಟಿದ್ಲು, ಎಂತ ಅರ್ಥ ಅಂತ ಚರ್ಚೆ ಮಾಡ್ತಿರ್ತಾರೆ. ಸಂಜೆ ಬಾಯಲ್ಲೇ ಹೇಳ್ತೆ."

ಢಾಲು ಕೈಯಲ್ಲಿ ಹಿಡಿಯುವುದಕ್ಕೆ ದೊಡ್ಡದಾಗಿತ್ತು. ಕಮಲಿ ಅದನ್ನು ಖಾಲಿ ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಬಾಳೆಲೆ ಮುಚ್ಚಿದಳು. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡು, ಮೀನಿನ ಬುಟ್ಟಿ ಹಿಂದಕ್ಕೆ ಅಂದ. ಪಾಂಡು ಮಾಸ್ತರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟಕಡೆಯ ಸೀಟಿನಲ್ಲಿ, ಸಾವಧಾನದಲ್ಲಿ ಕೂತರು.